ಕಲ್ಲು ಬಿಡುವ ಗೆರೆ

ಶಹಾಬಾದಿನ ಖಣಿಯಲ್ಲಿ ಅಪ್ಪ
ಕಲ್ಲಿಗೆ ಮೊದಲು ಕಿವಿ ಹಚ್ಚುತ್ತಿದ್ದ, ಆಮೇಲೆ ಛೇಣಿ.
"ಇದು ಬಿಡೂ ಗೆರಿ. ಇಲ್ಲಿ ಬಡಿ.
ಜೋರು ಬ್ಯಾಡ ಹುಲಿಗೀ,
ಕಲ್ಲು ಒಡೀಬಾರದು, ತಾನೇ ಬಿಡಬೇಕು."
ಕಾವಲಿಯ ರೊಟ್ಟಿ ಪದರೆದ್ದಂತೆ
ಎರಡಿಂಚಿನ ಫರ್ಸಿ ಏಳುತ್ತಿತ್ತು,
ಅಡಿಯಲ್ಲಿ ಎಂದೂ ಬಿಸಿಲು ಕಾಣದ ಬೂದು ನುಣುಪು.

ಈಗ ನನ್ನ ಕೈಯಲ್ಲಿರುವುದು ಸೆಲ್ಲೋಟೇಪು.
ಸೇಡಂ ರಸ್ತೆಯ ಅಂಗಡಿಯಲ್ಲಿ ಹತ್ತು ರೂಪಾಯಿ.

ಕ್ರೋಮಿಯಂ, ಗಂಧಕ, ಬ್ರೋಮಿನ್
ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ
ಒಂಬತ್ತು ದಿನ ಕುಲುಮೆಯೊಳಗಿದ್ದವು.
ಕರೆಂಟು ಎರಡು ಸಲ ಹೋಯಿತು,
ನಾನು ಎರಡು ರಾತ್ರಿ ಜನರೇಟರಿನ ಪಕ್ಕ ಮಲಗಿದೆ.
ಹತ್ತನೆಯ ದಿನ ಕೊಳವೆಯ ತಣ್ಣನೆ ತುದಿಯಲ್ಲಿ
ಕಪ್ಪು ಸೂಜಿಗಳು.

ಒಂದೊಂದು ಸೂಜಿಯೂ ಸಾವಿರಾರು ಹಾಳೆ.
ಹಾಳೆಯ ಒಳಗೆ ಬಿಗಿ ನಂಟು,
ಎರಡೂ ಕಡೆ ಬ್ರೋಮಿನ್ನಿನ ಹೊದಿಕೆ.
ಹೊದಿಕೆಗೂ ಹೊದಿಕೆಗೂ ನಡುವೆ ಮಾತ್ರ ಗಾರೆಯಿಲ್ಲ,
ಒಂದರ ಮೇಲೊಂದು ಕೂತ ಸಲಿಗೆ, ಅಷ್ಟೇ.
ಟೇಪು ಅಂಟಿಸಿ ಎಳೆದರೆ
ಸಲಿಗೆ ಬಿಡುತ್ತದೆ.

ಹೊರಗೆ ನಲವತ್ಮೂರು ಡಿಗ್ರಿ.
ಈ ಸೆಕೆಯಲ್ಲಿ ಅದರ ಕಾಂತಗುಣ ಸಂತೆಯ ಗದ್ದಲ,
ಯಾವ ಅಣುವಿನ ಮುಖ ಯಾವ ದಿಕ್ಕಿಗೋ.
ಸೊನ್ನೆಗಿಂತ ನೂರನಲವತ್ತು ಕೆಳಗಿಳಿಸಬೇಕು.
ಅದಕ್ಕೇ ಪಶು ಆಸ್ಪತ್ರೆಗೆ ಹೋಗಿ
ದ್ರವ ನೈಟ್ರೋಜನ್ ಬೇಡುತ್ತೇನೆ.
"ಹೋರಿ ಬೀಜಕ್ಕಂತ ಇಟ್ಟದ್ದವ್ವ ಇದು,
ನಿನ್ನ ಕಲ್ಲಿಗ್ಯಾಕ?" ಅನ್ನುತ್ತಾ ಖಯ್ಯೂಮ್ ಚಾಚಾ
ರಿಜಿಸ್ಟರ್ ಮುಂದಿಡುತ್ತಾರೆ.
ಎಮ್ಮೆ ಎಷ್ಟು, ಆಕಳು ಎಷ್ಟು.
ಎರಡರಲ್ಲೂ ಸೊನ್ನೆ ಬರೆದು ಸಹಿ ಮಾಡುತ್ತೇನೆ.

ತಣ್ಣಗಾದರೆ ನೋಡಬೇಕು ಅದರ ಶಿಸ್ತು.
ಒಂದು ಹಾಳೆಯಲ್ಲಿ ಎಲ್ಲರ ಮುಖ ಒಂದೇ ದಿಕ್ಕಿಗೆ.
ಮೇಲಿನ ಹಾಳೆಯವರದು ತದ್ವಿರುದ್ಧ.
ಅದರ ಮೇಲಿನದು ಅದಕ್ಕೂ ತದ್ವಿರುದ್ಧ.
ಹೀಗೆ ಬೆನ್ನು ತಿರುಗಿಸಿಕೊಂಡವರ ಮಧ್ಯೆ
ಎಲೆಕ್ಟ್ರಾನು ಹೊಸ್ತಿಲಲ್ಲೇ ನಿಲ್ಲುತ್ತದೆ,
ಆಚೆ ಮನೆಯಲ್ಲಿ ಅದರ ಗಿರಕಿಗೆ ಹೊಂದುವ ಜಾಗವಿಲ್ಲ.

ಎರಡು ತಿಂಗಳು ನನಗೆ ಏನೂ ಸಿಗಲಿಲ್ಲ.
ಸೂಜಿ ಉದ್ದ ಇದೆಯೆಂದು ಉದ್ದಕ್ಕೇ ತಂತಿ ಹಚ್ಚಿದ್ದೆ,
ಅದು ಅಡ್ಡಕ್ಕೆ ಸಲೀಸಾಗಿ ಹರಿಯುವ ಜಾತಿ.
ಫೋನಿನಲ್ಲಿ ಹೇಳಿಕೊಂಡರೆ ಅಪ್ಪ ನಕ್ಕ.
"ಉದ್ದ ಅದ ಅಂದ್ರ ಉದ್ದಕ್ಕೇ ಹಾದಿ ಅಂತ
ಯಾರಂದ್ರು ನಿನಗ?"

ಮೂರನೆಯ ಸೂಜಿಗೆ ಕೆಳಗೊಂದು ಮೇಲೊಂದು ತಂತಿ.
ಕಾಂತದ ಬಲ ಏರಿಸುತ್ತ ಹೋದೆ.
ರೋಧದ ಗೆರೆ ಸುಮ್ಮನಿತ್ತು, ಸುಮ್ಮನಿತ್ತು,
ಒಮ್ಮೆಲೇ ಕುಸಿಯಿತು.
ಬೆನ್ನು ಹಾಕಿದ್ದ ಹಾಳೆಗಳೆಲ್ಲ ತಿರುಗಿ
ಒಂದೇ ಕಡೆ ನೋಡುತ್ತಿದ್ದವು.
ಎಲೆಕ್ಟ್ರಾನು ಮನೆ ಮನೆ ದಾಟುತ್ತಿತ್ತು.
ರಾತ್ರಿ ಎರಡೂವರೆ. ಹೇಳಲು ಯಾರೂ ಇರಲಿಲ್ಲ,
ವಾಚಮನ್ ಶರಣಪ್ಪನಿಗೆ ಹೇಳಿದೆ.
"ಚಲೋ ಆಯ್ತು ಬಿಡ್ರಿ" ಅಂದ.

ಲಾರಿ ಹೋದಾಗೆಲ್ಲ ಸೂಕ್ಷ್ಮದರ್ಶಕ ನಡುಗುತ್ತದೆಂದು
ಅಪ್ಪ ಮೊನ್ನೆ ನಾಲ್ಕಿಂಚಿನ ಫರ್ಸಿ ತಂದು
ಅದರಡಿ ಕೂರಿಸಿ ಹೋದ.
ಹೋಗುವ ಮುಂಚೆ ಕಣ್ಣಿಟ್ಟು ನೋಡಿದ.
ನೀಲಿ, ನಸುಹಳದಿ, ಗುಲಾಬಿ ಚೂರುಗಳು.
"ಎಷ್ಟು ಪದರದ?"
"ಈ ಅಂಚಿನಾಗ ನಾಕು. ಅಲ್ಲಿ ಹದಿನಾರು ಇರಬೇಕು."
"ಬಡಿದ್ರ ಸಪ್ಪಳ ಬರ್ತದೇನು?"

ಅದನ್ನು ಯಾರೂ ಕೇಳಿರಲಿಲ್ಲ.
ನಾನು ಗ್ರಾಫು ತೋರಿಸಿದೆ, ಗೆರೆ ಕುಸಿದ ಜಾಗಕ್ಕೆ ಬೆರಳಿಟ್ಟೆ.
ಮೂವತ್ತು ವರ್ಷ ಕಲ್ಲು ಕೇಳಿದ ಎಡಗಿವಿ
ಈಗ ನನ್ನ ಮಾತನ್ನೂ ಕೇಳದು.
ಅವನು ತಲೆಯಾಡಿಸಿ, ಉಗುರಿಲ್ಲದ ಹೆಬ್ಬೆರಳಿನ ಅಂಗೈಯನ್ನು
ತನ್ನ ಫರ್ಸಿಯ ಮೇಲೆ ಊರಿ
ಬಹಳ ಹೊತ್ತು ನಿಂತ.

"ಪಂಪಿನ ನಟ್ಟೊಂದು ಸಡಿಲ ಆಗ್ಯಾದ ನೋಡು" ಅಂದ.

ಹೋಗಿ ನೋಡಿದೆ. ಆಗಿತ್ತು.